ಹೆಚ್ಚಾಗ್ಯಾದ

ಆ ದಿನ ಮಾಡಿದ ಕೆಲಸ ಇಷ್ಟು. ನಸುಕಿನಲ್ಲಿ ಅಂಗಳದ ಕಸ ಹೊಡೆದು ನೀರು ಚಿಮುಕಿಸಿದೆ. ನಳ ಬಂದಿತ್ತು, ಹಂಡೆ ತುಂಬಿಸಿದೆ. ಎಮ್ಮೆ ಹಿಂಡಿದೆ. ತೊಗರಿಬೇಳೆಯಲ್ಲಿ ಹರಳು ಆರಿಸಿದೆ. ಪುಂಡಿಪಲ್ಯ ಸೋಸಿಟ್ಟೆ. ರೊಟ್ಟಿ ಬಡಿದೆ. ಹಿಂದಿನ ದಿನ ತೆಗೆದಿಟ್ಟಿದ್ದ ಬಚ್ಚಲ ಮೋರಿಯ ಕಲ್ಲುಗಳನ್ನು ಮತ್ತೆ ಮುಚ್ಚಿ, ಸುತ್ತಲಿನ ರಾಡಿ ತೊಳೆದೆ. ಮೈದುನನ ಹಾಸಿಗೆ ಬಿಸಿಲಿಗೆ ಹಾಕಿದೆ. ಅತ್ತೆಗೆ ತಾಟು ಬಡಿಸಿ ಮುಚ್ಚಿಟ್ಟೆ. ಹೊತ್ತು ನೆತ್ತಿಗೆ ಬಂದಾಗ ಮುಚ್ಚಳ ತೆಗೆದು, ಬಡಿಸಿದ್ದು ಬಡಿಸಿದ ಹಾಗೇ ಇದ್ದದ್ದನ್ನು ಎಮ್ಮೆಯ ಮುಂದೆ ಸುರಿದೆ.

ಆ ತಾಟಿಗೆ ಇರುವೆ ಬಂದಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಬೆಲ್ಲದ ಚೂರು ಬಿದ್ದರೆ ತಿರುಗಿ ನೋಡುವಷ್ಟರಲ್ಲಿ ಸಾಲು ಹಚ್ಚುವ ಇರುವೆಗಳು, ಅತ್ತೆ ಊಟ ಬಿಟ್ಟಾಗಿನಿಂದ ಅವರ ತಾಟಿನ ಹತ್ತಿರ ಒಂದೂ ಸುಳಿದಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅತ್ತೆ ಊಟ ಬಿಟ್ಟದ್ದು ಕೊರಳಿನ ಇಷ್ಟಲಿಂಗ ಕಳೆದುಹೋದದ್ದಕ್ಕೆ.

ಅದು ಗೊತ್ತಾದದ್ದೂ ಒಂದು ತಪ್ಪು ತಿಳಿವಳಿಕೆಯಿಂದಲೇ. ನಮ್ಮ ಕಡೆ ಮನೆಯಲ್ಲಿ ಅಕ್ಕಿ ತೀರಿದರೆ ತೀರಿತು ಎನ್ನುವುದಿಲ್ಲ, ಹೆಚ್ಚಾಗ್ಯಾವ ಎನ್ನುತ್ತೇವೆ. ಬಳೆ ಒಡೆದರೂ ಹೆಚ್ಚಾದವು. ಕುಂಕುಮದ ಬಟ್ಟಲು ಬರಿದಾದರೂ ಹೆಚ್ಚಾತು. ಇಲ್ಲ ಎಂಬ ಮಾತು ಮನೆಯೊಳಗೆ ಆಡಬಾರದು ಎಂಬುದು ರೂಢಿ. ಆ ಬೆಳಿಗ್ಗೆ ನಾನು ಹಂಚಿನ ಮುಂದೆ ಕೂತಿದ್ದೆ. ಪೂಜೆಯ ಮೂಲೆಯಿಂದ ಅತ್ತೆ, "ಹೆಚ್ಚಾಗ್ಯಾದ ನೋಡವಾ" ಎಂದರು. ವಿಭೂತಿ ತೀರಿರಬೇಕು ಎಂದುಕೊಂಡೆ. ಹಂಚು ಇಳಿಸಿ, ಓಣಿಯ ಕೊನೆಯ ಅಂಗಡಿಗೆ ಹೋಗಿ ವಿಭೂತಿ ಗಟ್ಟಿ ತಂದು ಅವರ ಮುಂದಿಟ್ಟೆ. ಅವರು ವಿಭೂತಿ ನೋಡಿದರು, ನನ್ನನ್ನು ನೋಡಿದರು. ಮಡಿಲಲ್ಲಿ ಬೆಳ್ಳಿಯ ಕರಡಿಗೆ ತೆರೆದಿತ್ತು. ಒಳಗಿನ ವಸ್ತ್ರದಲ್ಲಿ ಲಿಂಗ ಕೂರುತ್ತಿದ್ದ ಗುಂಡನೆಯ ತಗ್ಗು ಹಾಗೇ ಇತ್ತು. ಲಿಂಗ ಇರಲಿಲ್ಲ.

ದಾರದ ಗಂಟು ತಾನೇ ಹಿಂದಿನ ದಿನ ಹಾಕಿದ್ದು, ತಾನೇ ಈಗ ಬಿಚ್ಚಿದ್ದು ಎಂದರು. ನಡುವೆ ಕರಡಿಗೆ ಕೊರಳು ಬಿಟ್ಟು ಇಳಿದೇ ಇಲ್ಲ. ಹಿಂದಿನ ದಿನದ ಪೂಜೆಯ ನೀರಿನೊಂದಿಗೆ ಬಚ್ಚಲಿಗೆ ಹೋಗಿರಬಹುದು, ಅದನ್ನು ಒಳಗಿಡದೆಯೇ ಗಂಟು ಹಾಕಿರಬಹುದು ಎಂದು ನಾನು ಅಂದೆ. ಹಾಸಿಗೆ ಝಾಡಿಸಿದೆವು, ಒಲೆಯ ಬೂದಿ ಜರಡಿ ಹಿಡಿದೆವು, ಎಮ್ಮೆ ಮೇವು ತಿನ್ನುವ ಗ್ವಾದಲಿಯನ್ನೂ ಬಿಡಲಿಲ್ಲ. ಸಿಗಲಿಲ್ಲ.

ಲಿಂಗಪೂಜೆ ಆಗದೆ ಅತ್ತೆ ಹನಿ ನೀರು ಮುಟ್ಟಿದವರಲ್ಲ. ಅದಕ್ಕಿಂತ ದೊಡ್ಡದು, ಅವರು ಸಣ್ಣಂದಿನಿಂದ ಪುರಾಣದಲ್ಲಿ ಕೇಳಿಕೊಂಡು ಬಂದ ಒಂದು ನೇಮ: ಅಂಗದ ಮೇಲಿನ ಲಿಂಗ ಹೋದರೆ ಅಂಗವೂ ಇರಬಾರದು. ಹೊಸದೊಂದು ಕಟ್ಟಿಸೋಣ ಎಂದರೆ ತಲೆ ಅಲ್ಲಾಡಿಸಿದರು. ಅವರು ಗೋರ್ಟಾದ ಮಗಳು. ನಿಜಾಮನ ಕಾಲದ ರಜಾಕಾರರ ಗದ್ದಲದಲ್ಲಿ ಅವರ ಅಪ್ಪ ಸತ್ತರು. ಓಡಿ ಪಾರಾದ ಅವ್ವನ ಸೊಂಟದ ಮೇಲೆ ಇವರಿದ್ದರು, ಇವರ ಕೊರಳಲ್ಲಿ ಅಪ್ಪ ಕಟ್ಟಿಸಿದ ಲಿಂಗ ಇತ್ತು. ಅಪ್ಪನದೆಂದು ಉಳಿದದ್ದು ಅದೊಂದೇ.

ನಮ್ಮ ಯಜಮಾನರು ಡಾಕ್ಟರನ್ನು ಕರೆತಂದರು. ಸಲಾಯಿನ್ ಹಚ್ಚಲು ಹೋದರೆ ಅತ್ತೆ ಕೈ ಎಳೆದುಕೊಂಡರು. ತುಟಿ ಒದ್ದೆ ಮಾಡಿಕೊಳ್ಳುವುದಕ್ಕೆ ಮಾತ್ರ ಒಪ್ಪಿದರು. ಈ ವಯಸ್ಸಿಗೆ ಇನ್ನು ತಡೆಯುವುದಿಲ್ಲ, ಬೀದರಿಗೆ ಒಯ್ಯಿರಿ ಎಂದು ಡಾಕ್ಟರು ಹೇಳಿ ಹೋದರು. ಒಯ್ದರೆ ದಾರಿಯಲ್ಲೇ ಜೀವ ಬಿಡ್ತೀನಿ ಎಂದು ಅತ್ತೆ ಸಿಟ್ಟಿಲ್ಲದೆ, ನಾಳೆ ಸಂತೆ ಅದ ಎಂಬಂತೆ ಹೇಳಿದರು.

ನನಗೆ ಹೆದರಿಕೆ ಹುಟ್ಟಿಸಿದ್ದು ಆ ಮಾತಲ್ಲ. ದಿನಾ ಬೆಳಿಗ್ಗೆ ಅವರು ಮೈ ತೊಳೆದುಕೊಂಡು ಪೂಜೆಗೆ ಕೂರುವುದನ್ನು ಬಿಡಲಿಲ್ಲ. ಎಡಗೈ ಎದೆಯ ಮಟ್ಟಕ್ಕೆ ಎತ್ತಿ, ಬರಿಯ ಅಂಗೈಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು. ವರ್ಷಗಳಿಂದ ಅವರ ಕೈಗೆ ನಡುಕ ಇತ್ತು, ಚಹಾದ ಬಸಿ ಹಿಡಿದರೆ ಟಕಟಕ ಸದ್ದಾಗುತ್ತಿತ್ತು. ಆ ನಡುಗುವ ಅಂಗೈ ಮೇಲೆ ನೀರು ಬಿಡುವರು, ನೀರು ಬೆರಳಿನ ಸಂದಿಯಿಂದ ತಟ್ಟೆಗೆ ಬೀಳುವುದು. ನಡುನಡುವೆ ಯಾರೋ ಏನೋ ಕೇಳಿದ ಹಾಗೆ, "ಹ್ಞೂಂ. ಹ್ಞೂಂ."

ಏನು ಮಾಡ್ತೀರಿ ಅತ್ತಿ ಎಂದು ಕೇಳಿದ್ದೆ.

"ಬರಾಕತ್ತದ" ಎಂದರು.

ನಾನು ತಿರುಗಿ ಬಾಗಿಲು ನೋಡಿದೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ದಿನಾ ಅದೇ ಮಾತು, ದಿನಾ ನಾನು ತಿರುಗಿ ನೋಡುವುದು.

ಸುದ್ದಿ ತಿಳಿದು ಮೈದುನ ಬಂದ. ಅವನು ಹುಮನಾಬಾದಿನಲ್ಲಿ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿದ್ದಾನೆ. ಅಂಗಿ ಎಷ್ಟು ಒಗೆದರೂ ಔಷಧಿಯ ಘಾಟು ಹೋಗುವುದಿಲ್ಲ. ಕಾಲೇಜಿನ ದಿನಗಳಲ್ಲೇ ತನ್ನ ಲಿಂಗ ಬಿಚ್ಚಿ ಅವ್ವನ ಕೈಗೆ ಕೊಟ್ಟವನು. ಅತ್ತೆ ಬೈಯಲಿಲ್ಲ, ಅತ್ತರೂ ನಾವು ಕಾಣಲಿಲ್ಲ. ಅದನ್ನು ಟ್ರಂಕಿನಲ್ಲಿ ತನ್ನ ಮದುವೆಯ ಸೀರೆಯ ಕೆಳಗೆ ಇಟ್ಟರು. ಅವನಿಗೆ ಎದುರಾಳಿ ಎಂದರೆ ನಮ್ಮ ಮನೆಯ ಅಯ್ಯನವರು. ಶ್ರಾವಣದಲ್ಲಿ ಪುರಾಣ ಓದುವವರು, ಮನೆಯ ಹುಟ್ಟು ಸಾವು ಎಲ್ಲದಕ್ಕೂ ಬೇಕಾದವರು. ಮೈದುನ ಬಂದನೆಂದರೆ ಅವರೂ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಚಹಾ ಆರುವ ತನಕ ಇಬ್ಬರದೂ ವಾದ. ಪುಸ್ತಕ ಇಲ್ಲದಿದ್ದರೆ ಮನುಷ್ಯನಿಗೆ ಪಾಪದ ಅಂಜಿಕೆ ಹ್ಯಾಂಗ ಇರ್ತದ ಎಂದು ಅವರು. ಅಂಜಿ ಒಳ್ಳೆಯವನಾದವನು ಒಳ್ಳೆಯವನೇ ಅಲ್ಲ ಎಂದು ಇವನು. ಒಮ್ಮೆ ನಾನು ಸಕ್ಕರೆ ಹೆಚ್ಚಾಗ್ಯಾದ ಅಂದದ್ದು ಕೇಳಿಸಿ, "ನೋಡ್ರಿ ಅಯ್ಯಾರ, ಡಬ್ಬಿ ಖಾಲಿ ಆದ್ರ ಹೆಚ್ಚಾತು ಅಂತಾರ. ನಿಮ್ಮ ಧರ್ಮ ಪೂರಾ ಈ ಒಂದು ಮಾತಿನಾಗ ಅದ" ಎಂದು ನಕ್ಕಿದ್ದ. ಅಯ್ಯನವರೂ ನಕ್ಕಿದ್ದರು, ಸಕ್ಕರೆಯಿಲ್ಲದ ಚಹಾ ಕುಡಿಯುತ್ತ.

ಈ ಸಲ ಯಾರೂ ನಗಲಿಲ್ಲ. ಮೈದುನ ಕಾರ್ಖಾನೆಯ ಕೈಗವಸು ಹಾಕಿಕೊಂಡು ಮೋರಿಯ ಕಲ್ಲು ಒಂದೊಂದೇ ಕಿತ್ತ. ಬೀದಿಯ ಗಟಾರದ ತನಕ ಕೆಸರು ತೆಗೆದು ಜರಡಿ ಹಿಡಿದ. ಒಂದು ಗುಂಡಿ, ಒಂದು ಕಿವಿಯ ಮುರು, ನನ್ನ ಮಗಳು ಸಣ್ಣವಳಿದ್ದಾಗಿನ ಗೋಲಿ ಸಿಕ್ಕವು. ನಂಬದವನು ಹುಡುಕಿದಷ್ಟು ನಂಬಿದ ನಾವು ಹುಡುಕಿರಲಿಲ್ಲ.

ನಾನು ಹೇಳುತ್ತಿರುವ ಆ ದಿನ ಮಧ್ಯಾಹ್ನ, ತಾಟು ಖಾಲಿ ಮಾಡಿ ಬರುವಾಗ ಅಯ್ಯನವರು ಪಡಸಾಲೆಯಲ್ಲಿ ಮೈದುನನಿಗೆ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದರು. ಅತ್ತೆ ಒಳಕೋಣೆಯಲ್ಲಿ ಪೂಜೆಯಿಂದ ಇನ್ನೂ ಎದ್ದಿರಲಿಲ್ಲ. ಟ್ರಂಕಿನಲ್ಲಿರುವ ಅವನ ಲಿಂಗ ಅವ್ವನದರಷ್ಟೇ ದೊಡ್ಡದು, ಅಷ್ಟೇ ಕಪ್ಪು, ಅವರ ಕಣ್ಣಿಗೆ ಪೊರೆ ಬಂದಿದೆ, ಮೋರಿಯಲ್ಲಿ ಸಿಕ್ಕಿತು ಎಂದು ಕೊಟ್ಟುಬಿಡು ಎಂಬುದು ಅವರ ಸಲಹೆ. ಹೊಸದನ್ನು ಒಲ್ಲೆ ಎನ್ನುವವರು ಹಳೆಯದನ್ನು ಬೇಡ ಎನ್ನಲಾರರು.

ಮೈದುನ ಅವರನ್ನೇ ನೋಡಿದ. "ಸುಳ್ಳ ಹೇಳು ಅಂತೀರಿ?"

"ಪಾಪ ಬಂದ್ರ ನನಗ ಬರ್ಲಿ, ತಮ್ಮಾ. ನಿನಗಂತೂ ಪಾಪದ ಮ್ಯಾಲ ನಂಬಿಕೀನೇ ಇಲ್ಲಲ್ಲ."

"ನಂಬಿಕಿ ಇಲ್ಲ, ಖರೆ. ಆದ್ರ ನಮ್ಮವ್ವಗ ಇವತ್ತಿನ ತನಾ ಒಂದು ಸುಳ್ಳ ಹೇಳಿಲ್ಲ ನಾ. ಲಿಂಗ ಬಿಚ್ಚಿದ ದಿನಾನೂ ಮುಂದ ನಿಂತು ಹೇಳಿ ಬಿಚ್ಚೀನಿ."

ಅಯ್ಯನವರು, ಅವ್ವ ಸತ್ತರೂ ಅಡ್ಡಿಯಿಲ್ಲವೇ ಎಂದರು. ಮೈದುನನ ದನಿ ಒಡೆಯಿತು. ಕಲ್ಲು ಹೋದರೆ ಜೀವ ಬಿಡು ಎಂದು ಬರೆದವರು ಯಾರು, ಅದನ್ನು ವರ್ಷಾ ವರ್ಷಾ ರಾಗ ಎಳೆದು ಓದಿ ಕೇಳಿಸಿದವರು ಯಾರು ಎಂದ. ಅಯ್ಯನವರು ತಲೆ ತಗ್ಗಿಸಿದರು. ದಯೆಯ ಮಾತೂ ಅದೇ ಪುಸ್ತಕದಲ್ಲಿತ್ತು, ಅದನ್ನೂ ಓದಿದ್ದೆ, ಆಕೆ ಯಾವುದನ್ನು ಹಿಡಿದುಕೊಂಡಳೋ ನಾನೇನು ಬಲ್ಲೆ ಎಂದರು. ಬಹಳ ದಣಿದಂತೆ ಕಂಡರು.

ಆಗ ಒಳಗಿನ ನೀರಿನ ಸದ್ದು ನಿಂತಿತು.

ಅಂಗೈಯಿಂದ ತಟ್ಟೆಗೆ ಬೀಳುತ್ತಿದ್ದ ಹನಿಯ ಸದ್ದು ಅದು. ಅಷ್ಟು ದಿನ ಕೇಳಿ ಕೇಳಿ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ, ನಿಂತಾಗ ಮೂವರಿಗೂ ಕೇಳಿತು. ಅತ್ತೆ ಹೋದರು ಎಂದೇ ನಾನು ಒಳಗೆ ಓಡಿದೆ.

ಅವರು ಕೂತೇ ಇದ್ದರು. ಎಡಗೈ ಎತ್ತಿದಂತೆಯೇ ಇತ್ತು. ಬಲಗೈಯಲ್ಲಿನ ತಂಬಿಗೆಯಿಂದ ನೀರು ಇನ್ನೂ ಸಣ್ಣಗೆ ಬೀಳುತ್ತಿತ್ತು, ಆದರೆ ಕೆಳಗೆ ತಟ್ಟೆಗೆ ಇಳಿಯುತ್ತಿರಲಿಲ್ಲ. ಅಂಗೈಯ ನಡುವೆ ಏನನ್ನೋ ಸುತ್ತುವರಿದ ಹಾಗೆ ಉಂಗುರವಾಗಿ ನಿಂತು, ಮಣಿಕಟ್ಟಿನ ಗುಂಟ ಮೊಣಕೈಗೆ ಹರಿದು ಸೀರೆಯೊಳಗೆ ಇಂಗುತ್ತಿತ್ತು. ಅಷ್ಟು ವರ್ಷ ಹಿಡಿದು ಹಿಡಿದು ಅವರ ಅಂಗೈಯಲ್ಲಿ ತಗ್ಗು ಬಿದ್ದಿತ್ತು, ಅಲ್ಲಿ ನೀರು ತಿರುಗಿರಬೇಕು ಎಂದು ಮೈದುನ ಆಮೇಲೆ ಹೇಳಿದ. ಇರಬಹುದು. ತಗ್ಗಿನಲ್ಲಿ ನೀರು ತುಂಬಬೇಕಿತ್ತಲ್ಲ, ಸುತ್ತಲೂ ಯಾಕೆ ನಿಂತಿತು ಎಂದು ನಾನು ಕೇಳಲಿಲ್ಲ.

ಮೈದುನ ಟ್ರಂಕು ತೆಗೆದು, ಸೀರೆಯ ಕೆಳಗಿನ ಸಣ್ಣ ಗಂಟು ಬಿಚ್ಚಿ, ಅವ್ವನ ಮುಂದೆ ಕೂತ. "ಯವ್ವಾ, ನಿಂದು ಸಿಗಲಿಲ್ಲ. ಇದು ನಂದು. ನಿನಗ ಬೇಕಂದ್ರ ತಗೋ" ಎಂದು ತಂಬಿಗೆ ತೆಗೆದಿಟ್ಟು, ಅವರ ಬಲಗೈಯಲ್ಲಿಟ್ಟ. ಅಯ್ಯನವರು ಬಾಗಿಲಲ್ಲಿ ಕಣ್ಣು ಮುಚ್ಚಿದರು.

ಅತ್ತೆ ಎರಡೂ ಕೈಯನ್ನು ತಕ್ಕಡಿಯ ಹಾಗೆ ಹಿಡಿದರು. ಒಂದರಲ್ಲಿ ಮಗನ ಲಿಂಗ, ಇನ್ನೊಂದು ಬರಿಗೈ. ಬಲಗೈ ನಡುಗುತ್ತಿತ್ತು.

"ಇದು ಹಗೂರ ಅದ" ಎಂದು ಮಗನದನ್ನು ಅವನಿಗೇ ಕೊಟ್ಟರು. "ನನ್ನ ಕೈಯಾಗಿಂದು ವಜ್ಜ ಅದ."

"ಅಲ್ಲಿ ಏನದ ಯವ್ವಾ? ನನಗ ಕಾಣವಲ್ದು."

"ನನಗೂ ಕಾಣವಲ್ದು. ವಜ್ಜ ಆಗ್ಯಾದ. ಹೆಚ್ಚಾಗ್ಯಾದ ಅಂತ ಅವತ್ತೇ ಹೇಳೀನಿ, ಈಕಿ ವಿಭೂತಿ ತಂದ್ಳು."

ಅತ್ತೆ ಬಾಗಿಲ ಕಡೆ ಮುಖ ಎತ್ತಿ ಕೇಳಿದರು: "ಪೂಜಿ ಆತೇನ್ರಿ, ಅಯ್ಯಾರ? ಉಣ್ಲೇನು?"

ಹೊರಗೆ ಸುಳ್ಳು ಹೇಳಲು ಸಿದ್ಧರಿದ್ದ ಅಯ್ಯನವರಿಗೆ ಇಲ್ಲಿ ಹ್ಞೂಂ ಅನ್ನಲು ಆಗಲಿಲ್ಲ. ಲಿಂಗವಿಲ್ಲದೆ ಪೂಜೆ ಎಂದು ಎಲ್ಲಿಯೂ ಹೇಳಿಲ್ಲ, ಕೈ ಬರಿದಾಗಿದೆ ಎಂದು ಮೆಲ್ಲಗೆ ಮೈದುನನಿಗೆ ಮಾತ್ರ ಕೇಳುವಂತೆ ಅಂದರು. ದೇವರನ್ನು ನಂಬಿದವರಿಗೆ ಅಲ್ಲಿ ಏನೂ ಕಾಣಲಿಲ್ಲ.

ಮೈದುನನಿಗೂ ಕಾಣಲಿಲ್ಲ. ಆದರೆ ಅವನು ಅವ್ವನ ಎಡಗೈಯನ್ನೇ ನೋಡುತ್ತಿದ್ದ. ತನ್ನ ಅಂಗೈಯನ್ನು ಅದರ ಕೆಳಗೆ ಒಯ್ದು ಆನಿಸಿ, ಸ್ವಲ್ಪ ಹೊತ್ತು ಹಾಗೇ ಇದ್ದ.

"ಅಯ್ಯಾರ, ಏನದ ಏನಿಲ್ಲ ಅಂತ ನಾ ಹೇಳಂಗಿಲ್ಲ. ಈ ಕೈ ನಡಗವಲ್ದು. ಇಷ್ಟು ಖರೆ ಅದ. ಬಂದು ಮುಟ್ಟಿ ನೋಡ್ರಿ, ಆಮ್ಯಾಲ ಹೇಳ್ರಿ."

ಅಯ್ಯನವರು ಬಂದು ಬಗ್ಗಿದರು. ಮುಟ್ಟಲು ಬೆರಳು ಚಾಚಿದವರು ಅಂಗೈಗೆ ತಾಗುವ ಮೊದಲೇ ಹಿಂದೆ ತೆಗೆದುಕೊಂಡರು. ಬಿಸಿ ತಗುಲಿದಂತೆಯೋ, ಮುಟ್ಟಬಾರದ್ದನ್ನು ಮುಟ್ಟಹೋದಂತೆಯೋ ನನಗೆ ಗೊತ್ತಾಗಲಿಲ್ಲ. ನೆಟ್ಟಗೆ ನಿಂತು, "ಆತವ್ವಾ. ಉಣ್ಣು" ಎಂದರು. ಚಪ್ಪಲಿ ಮೆಟ್ಟಿಕೊಂಡು ಚಹಾ ಕುಡಿಯದೆ ಹೋದರು. ಆ ವರ್ಷದ ಶ್ರಾವಣದಲ್ಲಿ ಆ ನೇಮದ ಭಾಗ ಬಂದಾಗ ಅವರು ಪುಟ ತಿರುಗಿಸಿ ಮುಂದಿನದನ್ನು ಓದಿದರು. ಮೈದುನ ಕಟ್ಟೆಯ ಮೇಲೆ ಕೂತು ಕೊನೆಯ ತನಕ ಕೇಳಿದ.

ಬೀದರಿಗೆ ಗಾಡಿ ಗೊತ್ತು ಮಾಡಿಕೊಂಡು ಬಂದ ಯಜಮಾನರು, ತಾಯಿ ಗಂಜಿ ಕುಡಿಯುವುದನ್ನು ಕಂಡು ಬಾಗಿಲಲ್ಲೇ ಕೂತುಬಿಟ್ಟರು. ಮೊದಲು ತೆಳ್ಳಗೆ ಗಂಜಿ, ಸಂಜೆಗೆ ಹಾಲಿನಲ್ಲಿ ನೆನೆಸಿದ ಅರ್ಧ ರೊಟ್ಟಿ. ಅತ್ತೆ ಬಲಗೈಯಿಂದ ಉಂಡರು, ಎಡಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಇತ್ತು. ನಾವು ಮೂವರೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡೆವು. ತೊಳೆಯಲು ಎತ್ತಿದಾಗ ನೋಡಿದೆ, ಅತ್ತೆಯ ತಾಟಿನ ಅಂಚಿಗೆ ಇರುವೆಯ ಸಾಲು ಹತ್ತಿತ್ತು.

ಮಲಗುವಾಗ ಅತ್ತೆ ಕೈ ಸೋತದ ಎಂದರು. ಮೈದುನ ಪಕ್ಕದಲ್ಲಿ ಹಾಸಿಕೊಂಡು, ಅವರ ಎಡಗೈಯ ಕೆಳಗೆ ತನ್ನ ಕೈ ಕೊಟ್ಟ. ಮೊದಲು ನಿದ್ದೆ ಹೋದವನು ಅವನೇ. ನಾನು ದೀಪ ಸಣ್ಣದು ಮಾಡಲು ಹೋದಾಗ ಅವನು ಗೊರಕೆ ಹೊಡೆಯುತ್ತಿದ್ದ, ಅವ್ವನ ಕೈಯ ಕೆಳಗಿದ್ದ ಅವನ ಮುಂಗೈ ಮಾತ್ರ ಹಾಸಿಗೆಯಲ್ಲಿ ಆಳವಾಗಿ ತಗ್ಗು ಮಾಡಿಕೊಂಡು ಹೂತಿತ್ತು. ಅತ್ತೆ ಎಚ್ಚರವಿದ್ದರು. ನನ್ನನ್ನು ನೋಡಿ, ಸದ್ದು ಮಾಡಬ್ಯಾಡ ಎಂದು ಬಲಗೈಯ ಬೆರಳನ್ನು ತುಟಿಗೆ ಇಟ್ಟುಕೊಂಡರು.