ಎಮ್ಮೆ ಒಪ್ಪಬೇಕಿತ್ತು

ನಮ್ಮ ಮನೆಯ ಬಾಗಿಲು ದಾಟಿದವರಿಗೆ ಮೊದಲು ಎದುರಾಗುತ್ತಿದ್ದದ್ದು ದನ. ಆಮೇಲೆ ಮೊಣಕಾಲೆತ್ತರದ ಒಂದು ಕಟ್ಟೆ. ಆ ಕಟ್ಟೆ ಹತ್ತಿದರೆ ನಾವು. ನಡುವೆ ಗೋಡೆ ಇಲ್ಲ. ಅವ್ವ ರೊಟ್ಟಿ ಬಡಿಯುವ ಸಪ್ಪಳ ಎಮ್ಮೆಗೆ ಕೇಳುತ್ತಿತ್ತು, ಎಮ್ಮೆ ಮೆಲುಕು ಹಾಕುವ ಸಪ್ಪಳ ಅವ್ವನಿಗೆ ಕೇಳುತ್ತಿತ್ತು. ಹುನಗುಂದದ ಸುತ್ತಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಮುಂದೆ ಬಾಗಲಕೋಟೆಯ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು "ಅಯ್ಯ, ವಾಸನಿ ಬರತಿರಲಿಲ್ಲೇನು?" ಎಂದು ಕೇಳಿದಳು. ಬರುತ್ತಿತ್ತೇನೋ. ಮನೆಯೆಂದರೆ ಅದೇ ವಾಸನೆ ಎಂದುಕೊಂಡಿದ್ದೆವು.

ಪ್ರಾಣಿಗಳಿಗೆ ಹೆಸರಿಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಗುಣ ನೋಡಿ ಬೈಯುತ್ತಿದ್ದೆವು, ಅಷ್ಟೆ. ಬೀರಪ್ಪನ ಹೆಸರಿಗೆ ಬಿಟ್ಟ ಒಂದು ಟಗರಿತ್ತು. ದೇವರ ಟಗರಿನ ಮೇಲೆ ಯಾರೂ ಕೈ ಎತ್ತುವಂತಿಲ್ಲ ಎಂಬುದು ನಮಗಿಂತ ಚೆನ್ನಾಗಿ ಅದಕ್ಕೇ ಗೊತ್ತಿತ್ತು. ಕಟ್ಟೆ ಹತ್ತಿ ಬಂದು ಅವ್ವನ ಬೆನ್ನ ಹಿಂದೆ ನಿಲ್ಲುತ್ತಿತ್ತು. ಬಿಸಿ ರೊಟ್ಟಿ ಕೊಟ್ಟರೆ ಮೂಸಿ ಬಿಡುತ್ತಿತ್ತು. ಅದಕ್ಕೆ ನಿನ್ನೆಯ ಒಣಗಿದ ಕಟಕ ರೊಟ್ಟಿಯೇ ಬೇಕು. ನಾಯಿ ಈ ಟಗರಿಗೆ ಹೆದರಿ ಮಾಳಿಗೆಯ ಮೇಲೆ ಮಲಗುತ್ತಿತ್ತು. ಮನೆ ಕಾಯುವ ಕೆಲಸವನ್ನು ಅಲ್ಲಿಂದಲೇ, ಬೆಳಕಿಂಡಿಯಲ್ಲಿ ಮೂತಿ ಇಳಿಬಿಟ್ಟು ಮಾಡುತ್ತಿತ್ತು. ಹುಂಜ ಸೂರ್ಯನನ್ನು ನಂಬುತ್ತಿರಲಿಲ್ಲ. ಹುನಗುಂದದ ಮೊದಲ ಬಸ್ಸು ಊರ ಅಗಸಿಬಾಗಿಲಲ್ಲಿ ಹಾರ್ನ್ ಹೊಡೆದ ಮೇಲೆಯೇ ಕೂಗುವುದು. ಬಸ್ಸು ಬಾರದ ದಿನ ಕೂಗುತ್ತಲೂ ಇರಲಿಲ್ಲ.

ಹೊರಗಿನವರ ಜೊತೆ ಜಗಳ ತರುತ್ತಿದ್ದದ್ದು ಆಡು. ನಮ್ಮ ಎದುರು ಮನೆಯವರು ಮಗ್ಗದವರು, ಇಳಕಲ್ ಸೀರೆ ನೇಯುತ್ತಿದ್ದರು. ಬೆಳಿಗ್ಗೆ ಓಣಿಯುದ್ದಕ್ಕೂ ನೂಲು ಎಳೆದು ಕಟ್ಟಿ, ಅದು ಗಟ್ಟಿಯಾಗಲೆಂದು ಗಂಜಿ ಹಚ್ಚುತ್ತಿದ್ದರು. ಅವರು ಆ ತುದಿಯಿಂದ ಹಚ್ಚುತ್ತ ಬಂದರೆ, ನಮ್ಮ ಆಡು ಈ ತುದಿಯಿಂದ ನೆಕ್ಕುತ್ತ ಹೋಗುತ್ತಿತ್ತು. ಆ ಮನೆಯ ಹೆಂಗಸನ್ನು ನಾನು ಚಿಗವ್ವ ಎಂದು ಕರೆಯುತ್ತಿದ್ದೆ. ಅವಳು ಬಾಗಿಲಿಗೆ ಬಂದು ಬಾಯಿ ಮಾಡುತ್ತಿದ್ದಳು.

"ಏನಬೇ ಅಕ್ಕಾ, ಆಡಿಗೆ ಮನ್ಯಾಗ ಏನರ ಹಾಕ್ತೀಯೋ ಇಲ್ಲೋ? ನನ್ನ ಸೀರಿ ತಿಂದ ಮುಗಸಾಕತ್ತೈತಿ!"

"ನೀ ಗಂಜಿ ಅಷ್ಟ ರುಚಿ ಮಾಡಿದ್ರ ಅದಾದ್ರೂ ಏನ ಮಾಡೀತು?" ಎಂದು ಅವ್ವ ಒಳಗಿನಿಂದಲೇ ಹೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದರು.

ಇವೆಲ್ಲವುಗಳ ಮೇಲೆ ಎಮ್ಮೆ. ಅದರ ಹಾಲು ಹುನಗುಂದದ ಬಸ್‌ಸ್ಟ್ಯಾಂಡಿನ ಒಂದು ಹೋಟೆಲಿಗೆ ಹೋಗುತ್ತಿತ್ತು, ಮನೆ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಅದರಿಂದಲೇ. ಆ ಎಮ್ಮೆ ಮೊದಲ ಸಲ ಕರು ಹಾಕಿದಾಗ ಅವ್ವ ಹಳ್ಳದ ದಂಡೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಹೀಗಾಗಿ ಹಿಂಡಲು ಕೂತವಳು ನಾನು. ಆಗ ನಾನು ಹುನಗುಂದದಲ್ಲಿ ಪಿಯುಸಿ ಓದುತ್ತಿದ್ದೆ. ಹಾಲಿನ ಕ್ಯಾನು ಹಿಡಿದೇ ಬಸ್ಸು ಹತ್ತುತ್ತಿದ್ದೆ, ಹೋಟೆಲಿಗೆ ಕೊಟ್ಟು ಕಾಲೇಜಿಗೆ ಹೋಗುತ್ತಿದ್ದೆ. ಓದಲು ಬೇರೆ ಹೊತ್ತು ಸಿಗುತ್ತಿರಲಿಲ್ಲ, ಆದ್ದರಿಂದ ಹಿಂಡುವಾಗಲೇ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. "ರಾಜ್ಯಕ್ಕೆ ನಾಲ್ಕು ಮೂಲಾಂಶಗಳಿವೆ. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ." ಒಂದೊಂದು ಮಾತಿಗೆ ಒಂದೊಂದು ಸಲ ಹಾಲು ಪಾತ್ರೆಗೆ ಬೀಳುತ್ತಿತ್ತು. ರಾಜ್ಯಶಾಸ್ತ್ರದ ಆ ಅಧ್ಯಾಯ ಹಿಂಡಲು ಹೇಳಿ ಮಾಡಿಸಿದಂತಿತ್ತು, ಅದಕ್ಕೇ ಅದನ್ನೇ ಮತ್ತೆಮತ್ತೆ, ಪರೀಕ್ಷೆ ಮುಗಿದ ಮೇಲೂ ಹೇಳುತ್ತಿದ್ದೆ.

ಅವ್ವನ ಕೈ ಕೂಡಿ ಬಂದ ಮೇಲೆ ತೊಂದರೆ ಗೊತ್ತಾಯಿತು. ಎಮ್ಮೆ ಅವಳನ್ನು ಹತ್ತಿರ ಕೂರಗೊಟ್ಟಿತು, ಆದರೆ ಹಾಲು ಕೆಳಗಿಳಿಸದೆ ಏರಿಸಿಕೊಂಡುಬಿಟ್ಟಿತು. ಅಪ್ಪ ಕೂತರೂ ಅಷ್ಟೆ. ನಾನು ಕೂತರೆ ಪಾತ್ರೆ ತುಂಬ ನೊರೆ. ಆಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಹೇಗೂ ನಾನಿದ್ದೆನಲ್ಲ.

ದೊಡ್ಡದಾದದ್ದು ನಾನು ಪಿಯುಸಿ ಪಾಸಾದ ಮೇಲೆ. ಬಾಗಲಕೋಟೆಯ ವಿದ್ಯಾಗಿರಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತೇನೆ ಎಂದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹತ್ತನೆಯ ತರಗತಿಯ ಬೆಂಚಿನ ಮೇಲೂ ಕೂತವರಲ್ಲ. ಊರಲ್ಲೇ ಇದ್ದು ಓದುತ್ತೇನೆಂದ ಹುಡುಗಿಯರ ಓದು ಕಳೆ ತೆಗೆಯುವುದರಲ್ಲಿ, ತಮ್ಮಂದಿರನ್ನು ಎತ್ತಿಕೊಳ್ಳುವುದರಲ್ಲಿ, ಕೊನೆಗೆ ಮದುವೆಯಲ್ಲಿ ಮುಗಿದದ್ದನ್ನು ನಾನು ನಮ್ಮ ಓಣಿಯಲ್ಲೇ ನೋಡಿದ್ದೆ. ಹೋಗಬೇಕು, ಇಲ್ಲವೇ ಓದು ನಿಂತಿತು. ಅದು ನನಗೆ ಸ್ಪಷ್ಟವಿತ್ತು.

ಅಪ್ಪ ಕೂಗಾಡುವ ಮನುಷ್ಯನಲ್ಲ. ಬೀಡಿ ಹಚ್ಚಿಕೊಂಡು ಬಹಳ ಹೊತ್ತು ಎಮ್ಮೆಯನ್ನೇ ನೋಡಿದ.

"ನೋಡವಾ, ನಾ ಬ್ಯಾಡ ಅನ್ನೂದಿಲ್ಲ. ಎಮ್ಮಿ ಒಪ್ಪಲಿ. ನಿಮ್ಮವ್ವಗ ಹಾಲ ಕೊಟ್ರ ನೀ ಹೋಗು. ಇಲ್ಲಂದ್ರ ನಾವೇನ ತಿನ್ನೂಣು, ನೀ ಹೇಳು."

ನ್ಯಾಯವಾದ ಮಾತು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಕೂಡಲೇ ಹಾಸ್ಟೆಲ್ ಸೇರಬೇಕಿತ್ತು. ಎಮ್ಮೆಯನ್ನು ಒಪ್ಪಿಸಲು ಅಲ್ಲಿಯವರೆಗಿನ ದಿನಗಳಷ್ಟೇ ಉಳಿದಿದ್ದವು.

ಎಲ್ಲಕ್ಕೂ ಮದ್ದು ಬಲ್ಲವಳು ಚಿಗವ್ವ. "ಎಮ್ಮಿಗೆ ಮಾರಿ ಗೊತ್ತಾಗೂದಿಲ್ಲಬೇ, ವಾಸನಿ ಗೊತ್ತಾಕ್ಕೈತಿ. ಮಗಳ ಅರಿವಿ ಹಾಕ್ಕೊಂಡ ಕುಂಡ್ರು" ಎಂದಳು. ನಮ್ಮ ಕಡೆ ಇದು ಎಲ್ಲರೂ ಮಾಡುವ ಉಪಾಯವೇ. ಹುಟ್ಟಿದಾಗಿನಿಂದ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ ಎನ್ನುವಂಥ ಅವ್ವ ಸೀರೆಯ ಮೇಲೆಯೇ ನನ್ನ ನೇರಳೆ ಬಣ್ಣದ ಚೂಡಿದಾರದ ಅಂಗಿ ತೊಟ್ಟು ಕೂತಳು.

"ಯವ್ವಾ, ಈಗ ನೀನೂ ಕಾಲೇಜ್ ಹುಡುಗಿ ಆದೆಲ್ಲ!" ಎಂದೆ.

"ಸುಮ್ನಿರಬೇ, ಬಗಲಾಗ ಬಿಗ್ಯಾಕತ್ತೈತಿ. ಉಸರಾಡಾಕ ಬರವಲ್ದು."

ಎಮ್ಮೆ ತಿರುಗಿ ಅಂಗಿಯನ್ನು ಮೂಸಿತು. ಒಂದಿಷ್ಟು ಹಾಲು ಬಿಟ್ಟಿತು. ಅಷ್ಟರಲ್ಲಿ ಏನೋ ಸಂಶಯ ಬಂದಂತೆ ಕಿವಿ ಅಲ್ಲಾಡಿಸಿ ಮತ್ತೆ ಏರಿಸಿಕೊಂಡಿತು. ಮರುದಿನ ಅಪ್ಪ ನನ್ನ ದುಪ್ಪಟ್ಟಾವನ್ನು ತಲೆಗೆ ಸುತ್ತಿದ ಪಟಕದ ಮೇಲೆ ಹೊದ್ದುಕೊಂಡು ಕೂತ. ಎಮ್ಮೆ ಏನೂ ಮಾಡಲಿಲ್ಲ. ಟಗರಿಗೆ ಮಾತ್ರ ಅದು ಸರಿಬರಲಿಲ್ಲ. ಹಿಂದಿನಿಂದ ಓಡಿ ಬಂದು ಅಪ್ಪನನ್ನು ಗುದ್ದಿ ಸಗಣಿಯಲ್ಲಿ ಕೆಡವಿತು. ದೇವರ ಟಗರು, ಬೈಯುವ ಹಾಗೂ ಇಲ್ಲ. ಅಪ್ಪ ಎದ್ದು ದುಪ್ಪಟ್ಟಾ ಜಾಡಿಸಿ ನನ್ನ ಕೈಗೆ ಕೊಟ್ಟು, "ಬೀರಪ್ಪಗೂ ಮನಸ್ಸಿಲ್ಲ ಕಾಣಸ್ತೈತಿ" ಎಂದು ಹೊಲಕ್ಕೆ ಹೋದ.

ಹತ್ತಿಕಾಳು ಹೆಚ್ಚು ಹಾಕಿ ನೋಡಿದೆವು. ಕರುವನ್ನು ಹೆಚ್ಚು ಹೊತ್ತು ಬಿಟ್ಟು ನೋಡಿದೆವು. ಅವ್ವ ಬೀಸುವಾಗಿನ ಹಾಡುಗಳನ್ನೂ ಹಾಡಿದಳು. ಒಳ್ಳೆಯ ದನಿ ಅವಳದು. ಚಿಗವ್ವ ಮಗ್ಗ ನಿಲ್ಲಿಸಿ ಕೇಳಿದಳು, ಎಮ್ಮೆ ಮಾತ್ರ ಮೆಲುಕು ಹಾಕುತ್ತ ನಿಂತಿತ್ತು. ಅಮಾವಾಸ್ಯೆ ಹತ್ತಿರ ಬಂತು. ನಾನು ಹಾಸ್ಟೆಲಿಗೆಂದು ತೆಗೆದಿಟ್ಟ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿದೆ.

ಆ ವಾರವೇ ಹುನಗುಂದದಿಂದ ಬರುವಾಗ ಮಳೆಯಲ್ಲಿ ತೊಯ್ದು ನನಗೆ ಗಂಟಲು ಕಟ್ಟಿತು. ಮರುದಿನ ಬೆಳಿಗ್ಗೆ ಬಾಯಿ ತೆರೆದರೆ ಬರೀ ಗಾಳಿ. ಹಾಗೆಯೇ ಹಿಂಡಲು ಕೂತೆ. ಹಾಲಿಲ್ಲ. ಇನ್ನೊಮ್ಮೆ ಕರು ಬಿಟ್ಟು, ಕೆಚ್ಚಲು ತೊಳೆದು ಕೂತೆ. ಎಮ್ಮೆ ತಿರುಗಿ ನನ್ನನ್ನು ಬೇರೆ ಯಾರೋ ಎನ್ನುವಂತೆ ನೋಡಿತು, ಕಾಲು ಜಾಡಿಸಿತು. ಇಲ್ಲಿಯವರೆಗೆ ನನ್ನನ್ನು ಬಿಟ್ಟು ಯಾರಿಗೂ ಕೊಡದ ಹಾಲು ಈಗ ನನಗೂ ಇಲ್ಲ. ಖಾಲಿ ಪಾತ್ರೆ ಹಿಡಿದುಕೊಂಡು ಅಲ್ಲೇ ಕೂತು ಅತ್ತೆ. ಅಳುವುದಕ್ಕೂ ದನಿ ಇರಲಿಲ್ಲ.

ಅವ್ವ ರೊಟ್ಟಿ ಬಿಟ್ಟು ಕಟ್ಟೆಯ ಅಂಚಿಗೆ ಬಂದು ನಿಂತಳು. ಕೈಯೆಲ್ಲ ಹಿಟ್ಟು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಎಮ್ಮೆಯನ್ನು.

"ಮುಂಜಾನೆ ಎದ್ರ ವಟವಟ ಅಂತಿದ್ದಿ. ಇವತ್ತ ಬಾಯಿ ಸತ್ತೈತಿ. ಅದು ನಿನ್ನ ವಾಸನಿ ಅಲ್ಲಬೇ ಕಾಯತಿದ್ದದ್ದು. ನಿನ್ನ ಪಾಠ."

ನಾನು ನನ್ನ ಗಂಟಲು ತೋರಿಸಿ ಕೈ ಆಡಿಸಿದೆ. ಅವ್ವ ಬಾಗಿಲ ಕಡೆ ನೋಡಿದಳು. ಅಪ್ಪ ಹೊರಗೆ ಹೋಗಿದ್ದಾನೆಂದು ಖಾತ್ರಿ ಮಾಡಿಕೊಂಡಳು. ಎದುರು ಮನೆಯ ಮಗ್ಗ ನಡೆಯುತ್ತಿದೆಯೇ ಎಂದು ಕಿವಿಗೊಟ್ಟಳು. ಶಾಲೆಯ ಮೆಟ್ಟಿಲು ಹತ್ತದವಳು ಶಾಲೆಯ ಮಾತು ಆಡಿದರೆ ಜನ ನಗುತ್ತಾರೆ ಎಂಬ ಸಂಕೋಚ ಅವಳಿಗೆ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿ, ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು. ಬಹಳ ಸಣ್ಣ ದನಿಯಲ್ಲಿ ಶುರು ಮಾಡಿದಳು.

"ರಾಜ್ಯಕ್ಕ ನಾಕು ಮೂಲಾಂಶ ಅದಾವು. ಜನಸಂಖ್ಯಾ. ಭೂಪ್ರದೇಶ. ಸರಕಾರ..."

ದಿನವೂ ರೊಟ್ಟಿ ಬಡಿಯುತ್ತ ಕೇಳಿದ್ದು ಅವಳ ಬಾಯಲ್ಲಿ ಕೂತುಬಿಟ್ಟಿತ್ತು. ಅವಳು ಕಲಿಯಬೇಕೆಂದು ಕಲಿತದ್ದಲ್ಲ. ಎಮ್ಮೆ ಮೆಲುಕು ನಿಲ್ಲಿಸಿತು. ಕಿವಿ ಎರಡೂ ಹಿಂದಕ್ಕೆ ವಾಲಿದವು. ಹಾಲಿಳಿದು ಕೆಚ್ಚಲು ಬಿಗಿಯಾದದ್ದು ನನಗೆ ಕೂತಲ್ಲಿಂದಲೇ ಕಂಡಿತು. ಆಮೇಲೆ ಪಾತ್ರೆಯ ತಳಕ್ಕೆ ಹಾಲು ಬಿದ್ದ ಸಪ್ಪಳ.

"ಮುಂದಿಂದೇನಬೇ? ನಾಕನೇದು? ಲಗೂನ ಹೇಳು, ಏರಿಸ್ಕೋತೈತಿ!"

"ಪರಮಾಧಿಕಾರ" ಎಂದು ನಾನು ಗಾಳಿಯಲ್ಲೇ ಹೇಳಿದೆ.

"ಪರಮಾಧಿಕಾರ!" ಅವ್ವ ಈ ಸಲ ಓಣಿಗೆಲ್ಲ ಕೇಳುವಂತೆ ಕೂಗಿದಳು.

ಹಾಲು ತುಂಬಿದ ಮೇಲೆ ಕೇಳಿದಳು, "ಹಂಗಂದ್ರೇನು?"

"ಯಾರ ಮಾತೂ ಕೇಳಬೇಕಾಗಿಲ್ಲ ಅನ್ನೂವಂಥಾ ಅಧಿಕಾರ" ಎಂದು ಪಿಸುಗುಟ್ಟಿದೆ.

ಅವ್ವ ಎಮ್ಮೆಯ ಬೆನ್ನ ಮೇಲೆ ಒಂದು ಏಟು ಹಾಕಿದಳು. "ಅಂದ್ರ ಇದರದ್ದು."

ಮರುದಿನ ಬೆಳಿಗ್ಗೆ ಅಪ್ಪ ಕಟ್ಟೆಯ ಮೇಲೆ ಕೂತು ಪೂರ್ತಿ ನೋಡಿದ. ನಗಲಿಲ್ಲ. ಪಂಚಾಯ್ತಿಯಲ್ಲಿ ಕೂತವರಂತೆ ಗಂಭೀರವಾಗಿದ್ದ. ಅವ್ವ ಕ್ಯಾನಿಗೆ ಹಾಲು ಸುರಿದು ಮುಚ್ಚಳ ಹಾಕಿದ ಮೇಲೆ, "ಒಪ್ಪಿತೇನು?" ಎಂದ.

"ಒಪ್ಪಿತು" ಎಂದಳು ಅವ್ವ.

"ಹಂಗಾದ್ರ ಒಂದ ಟ್ರಂಕ್ ತರಬೇಕು."

ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಅಕ್ಕಾ, ಕಾಲೇಜಿಗೆ ಹೋಗಾಕ್ಕಿ ಮಗಳೋ, ನೀನೋ?"

ಅವ್ವ ನಾಚಿಕೊಳ್ಳುತ್ತಾಳೆ ಎಂದುಕೊಂಡೆ. "ಆಕಿ ಅಲ್ಲಿ ಓದ್ತಾಳ, ನಾ ಇಲ್ಲಿ ಓದ್ತೇನಿ. ನೀ ಮೊದಲ ನನ್ನ ಆಡ ನೋಡ್ಕೋ, ನಿನ್ನ ನೂಲಿನ ಹಂತ್ಯಾಕ ಹೊಂಟೈತಿ" ಎಂದಳು.

ಅಮಾವಾಸ್ಯೆಯ ಮರುದಿನ ಹೊರಟೆ. ಅಪ್ಪ ಟ್ರಂಕನ್ನು ತಲೆಯ ಮೇಲೆ ಹೊತ್ತು ಮುಂದೆ, ಅವ್ವ ಹಾಲಿನ ಕ್ಯಾನು ಹಿಡಿದು ಹಿಂದೆ, ಅವಳ ಹಿಂದೆ ಟಗರು. ಬಸ್ಸು ಹಾರ್ನ್ ಹೊಡೆಯಿತು, ಮನೆಯ ಮಾಳಿಗೆಯ ಮೇಲಿಂದ ಹುಂಜ ಕೂಗಿತು. ಅಪ್ಪ ಕ್ಯಾನನ್ನು ನನ್ನ ಕಾಲ ಹತ್ತಿರ ಇಟ್ಟು, "ಇದೊಂದ ಸಲ ಕೊಟ್ಟ ಹೋಗು. ನಾಳಿಂದ ಕಂಡಕ್ಟರ್ ಒಯ್ತಾರ" ಎಂದ. ಅವ್ವ ಕಿಟಕಿಯ ಹತ್ತಿರ ನಿಂತು ಏನೋ ಹೇಳಿದಳು, ಇಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಹುನಗುಂದದವರೆಗೂ ಕ್ಯಾನು ನನ್ನ ಕಾಲಿಗೆ ಬೆಚ್ಚಗೆ ತಾಗಿಕೊಂಡಿತ್ತು. ಅದನ್ನು ಹೋಟೆಲಿಗೆ ಕೊಟ್ಟು ಬಾಗಲಕೋಟೆಯ ಬಸ್ಸು ಹತ್ತಿದೆ.

ದೀಪಾವಳಿಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತು ಅವ್ವ ಹಿಂಡುವುದನ್ನು ನೋಡಿದೆ. ಈಗ ದನಿಯಲ್ಲಿ ಅಳುಕಿರಲಿಲ್ಲ. "ಜನಸಂಖ್ಯಾ, ಭೂಪ್ರದೇಶ, ಸರಕಾರ, ಪರಮಾಧಿಕಾರ, ಮೇವು."

"ಯವ್ವಾ, ಅವು ನಾಕೇ. ಮೇವು ಇಲ್ಲ ಅದರಾಗ" ಎಂದೆ. ಕಾಲೇಜು ಸೇರಿದ ಹೊಸತು, ತಿದ್ದುವ ಹುರುಪು ನನಗೆ.

"ನಿಮ್ಮ ಬುಕ್ಕಿನಾಗ ನಾಕು. ಮೇವಿಲ್ಲದ ಎಂಥಾ ರಾಜ್ಯ ಅದು? ನಾಕಕ್ಕ ನಿಲ್ಲಿಸಿದ್ರ ಕೈ ತಡೀತೈತಿ, ಲಯ ಕೂಡೂದಿಲ್ಲ."

ಪರೀಕ್ಷೆಯಲ್ಲಿ ನಾನು ನಾಲ್ಕನ್ನೇ ಬರೆದೆ. ಬಿ.ಎ. ಪಾಸಾದೆ. ನಮ್ಮ ಮನೆಯ ಮೊದಲ ಪದವಿ ಅದು, ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ. ಆದರೆ ರಜೆಗೆ ಬಂದು ಎಮ್ಮೆಯ ಹತ್ತಿರ ಕೂತಾಗಲೆಲ್ಲ ಐದನ್ನೂ ಹೇಳುತ್ತಿದ್ದೆ. ಪರಮಾಧಿಕಾರಕ್ಕೆ ನಿಲ್ಲಿಸಿದರೆ ಅದು ಮೆಲುಕು ಬಿಟ್ಟು, ತಿರುಗಿ, ಮುಂದಿನದಕ್ಕೆ ಕಾಯುತ್ತಿತ್ತು.