ಟೀಪಾಯಿ ಆಗಿದ್ದ ತೊಟ್ಟಿಲಿನ ಕುರಿತು

ಮಾನ್ಯ ಓದುಗರೇ,

ವಿಷಯಕ್ಕೆ ಬರುವ ಮೊದಲು ನನ್ನ ಕಾಗುಣಿತ ಹಾಗೂ ಕೈಬರಹದ ಬಗ್ಗೆ ತಮ್ಮಲ್ಲಿ ಕ್ಷಮೆ ಕೋರುತ್ತೇನೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ನಾನು ಶಾಲೆಯ ದಿನಗಳಿಂದಲೂ ಗಟ್ಟಿಯಿಲ್ಲ. ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತವೆ. ಮದುವೆಗೆ ಮುಂಚೆ ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡಿಕೊಂಡಿದ್ದೆನಾದ್ದರಿಂದ ನನಗೆ ತಿಳಿದಿರುವ ಬರವಣಿಗೆ ಎಂದರೆ ಅರ್ಜಿ ಮತ್ತು ಜ್ಞಾಪನಗಳದ್ದು ಮಾತ್ರ. ಸ್ವಂತದ ನೆನಪನ್ನು ಬರೆಯುತ್ತಿರುವುದು ಇದೇ ಮೊದಲು. ಆದಕಾರಣ ಬರುವ ಧಾಟಿಯಲ್ಲೇ ಬರೆಯಲು ಅನುಮತಿ ಬೇಡುತ್ತೇನೆ.

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ನನ್ನದೊಂದು ಚಿಕ್ಕ ಮಳಿಗೆ ಇದೆ. ಹಳೆಯ ಮನೆಬಳಕೆಯ ಸಾಮಾನುಗಳನ್ನು ಕೊಂಡು, ಹುಣಿಸೆಹಣ್ಣು ಹಚ್ಚಿ ಉಜ್ಜಿ, ಒಣಗಿಸಿ, ಮತ್ತೆ ಮಾರುವುದು ನನ್ನ ಉದ್ಯೋಗ. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಶ್ಯಾವಿಗೆ ಒರಳು, ಕಾಫಿ ಬೀಜ ಪುಡಿ ಮಾಡುವ ಕೈಯಂತ್ರ, ಕೀಲಿ ಕೊಡುವ ಗಡಿಯಾರ, ಇಂಥವು. ಹಿಂದೆ ಇವುಗಳನ್ನು ಗುಜರಿಯವರು ತೂಕಕ್ಕೆ ಒಯ್ಯುತ್ತಿದ್ದರು. ಈಗ ಹೊಸ ಮನೆ ಕಟ್ಟಿಸಿದವರು, ಹೋಂಸ್ಟೇ ನಡೆಸುವವರು ‘ಆಂಟಿಕ್’ ಎಂದು ಹುಡುಕಿಕೊಂಡು ಬರುತ್ತಾರೆ.

ಈ ಉದ್ಯೋಗದಲ್ಲಿ ನೆಮ್ಮದಿಯಾಗಿ ಕೂರುವುದು ಸಾಧ್ಯವಿಲ್ಲ ಎಂಬುದನ್ನು ತಿಳಿಸಬಯಸುತ್ತೇನೆ. ಮಳಿಗೆಯಲ್ಲಿ ಕುಳಿತರೆ ಯಾವುದೋ ಮನೆಯ ಕೊಳಗ ಈ ಕ್ಷಣ ಗುಜರಿ ಗಾಡಿ ಹತ್ತುತ್ತಿದೆ ಎನಿಸುತ್ತದೆ. ಹುಡುಕಲು ಹೊರಟರೆ, ಗಿರಾಕಿಗಳು ಬೀಗ ನೋಡಿ ಹಿಂತಿರುಗುತ್ತಿದ್ದಾರೆ ಎನಿಸುತ್ತದೆ. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಅಂಚಿನಲ್ಲೇ ಕುಳಿತಿರುತ್ತೇನೆ.

ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಮಾಡುವ ಕುಟುಂಬಗಳಿಂದ ನನಗೆ ಹೆಚ್ಚಿನ ಸಾಮಾನು ದೊರೆಯುತ್ತದೆ. ಹೀಗೆ ಪರಿಚಯವಾದವರು ಒಬ್ಬ ಅಕ್ಕ. ತಮಿಳು ಮನೆಮಾತಿನವರು, ಗಂಡ ನಿವೃತ್ತರಾಗಿ ಸಣ್ಣದೊಂದು ಸ್ವಂತ ಮನೆಗೆ ಹೊರಟಿದ್ದರು. ಅವರಿಂದ ಪಾತ್ರೆಗಳನ್ನು ಕೊಂಡು ಹೊರಡುವಾಗ ಅಕ್ಕ ಅಡುಗೆಮನೆಯ ಸಜ್ಜಾದ ಕಡೆಗೆ ಕೈ ತೋರಿಸಿದರು.

“ಅದನ್ನೂ ಇಳಿಸ್ಕೊಂಡು ಹೋಗಮ್ಮಾ. ಇಲಿ ಸಂಸಾರ ಹೂಡಿದೆ ಅದ್ರಲ್ಲಿ. ನಮ್ಮ ಸಂಸಾರಕ್ಕೇ ಹೊಸ ಮನೇಲಿ ಜಾಗ ಇಲ್ಲ.”

ಅದು ತೊಟ್ಟಿಲು. ಕಡೆದ ಕಂಬಿಗಳು, ಎರಡು ತುದಿಗೂ ಮರದ ಗಿಣಿ, ಹಿತ್ತಾಳೆಯ ಸರಪಳಿ. ಒರೆಸಿ ನೋಡಿದಾಗ ಸಾಗುವಾನಿ ಎಂದು ತಿಳಿಯಿತು. ಮಳಿಗೆಯ ಮುಂದೆ ಇಟ್ಟ ವಾರದೊಳಗೆ ಶಿವಮೊಗ್ಗದ ನವುಲೆಯಲ್ಲಿ ಹೊಸ ಮನೆ ಕಟ್ಟಿಸಿದ್ದ ಮೇಡಂ ಒಬ್ಬರು ಕೊಂಡು, ತಮ್ಮ ಕಾರಿನ ಮೇಲೆಯೇ ಕಟ್ಟಿಸಿಕೊಂಡು ಹೋದರು. ಅಲ್ಲಿಗೆ ಸದರಿ ವಿಷಯ ಮುಕ್ತಾಯವಾಯಿತೆಂದು ನಾನು ಭಾವಿಸಿದ್ದೆ.

ಕೆಲವು ತಿಂಗಳಾದ ಮೇಲೆ ಅಕ್ಕನ ಫೋನು ಬಂತು.

“ಅಮ್ಮಾ, ಆ ತೊಟ್ಟಿಲು ಇನ್ನೂ ಇದ್ಯಾ?”

“ಅದು ಆವಾಗ್ಲೇ ಹೋಯ್ತಲ್ಲ ಅಕ್ಕ.”

“ಹೋಯ್ತಾ? ಅದು ನಮ್ದಲ್ಲ ಮಾರಾಯ್ತಿ. ಓಲ್ಡ್ ಟೌನಲ್ಲಿ ಒಬ್ರು ಅಜ್ಜಿ ಇದಾರೆ, ಮೊದ್ಲು ನಮ್ ಸಾಲಲ್ಲೇ ಇದ್ರು, ಅವರದು. ನನ್ ಮಗ ಹುಟ್ದಾಗ ಕೊಟ್ಟಿದ್ರು. ಮರ್ತೇ ಹೋಗಿತ್ತು. ನಿನ್ನೆ ಅವರ ಮಗ ಬಂದು, ‘ಅಮ್ಮ ತೊಟ್ಟಿಲು ತರೋಕೆ ಹೇಳಿದಾರೆ’ ಅಂತ ಬಾಗಿಲಲ್ಲಿ ನಿಂತ. ಕಾಫಿ ಕೊಟ್ಟು ಕಳಿಸಿದೀನಿ. ನಾಳೆ ಮತ್ತೆ ಬಂದ್ರೆ ಏನ್ ಕೊಟ್ಟು ಕಳಿಸ್ಲಿ?”

ಇಲ್ಲಿ ಒಂದು ಪದ್ಧತಿಯನ್ನು ವಿವರಿಸುವುದು ಅವಶ್ಯವಾಗಿದೆ. ಆ ಕ್ವಾರ್ಟರ್ಸ್‌ಗಳಲ್ಲಿ ತೊಟ್ಟಿಲನ್ನು ಎಲ್ಲರೂ ಮಾಡಿಸುತ್ತಿರಲಿಲ್ಲ. ಮಕ್ಕಳು ಚೆನ್ನಾಗಿ ಬೆಳೆದ ಮನೆಯ ತೊಟ್ಟಿಲನ್ನು ಕೇಳಿ ಪಡೆಯುವುದು ವಾಡಿಕೆ. ಮಗು ಹುಟ್ಟಿದ ಮನೆಯವರು ಕೇಳಿದರೆ ಇಲ್ಲವೆನ್ನುವಂತಿಲ್ಲ. ಕೊಟ್ಟ ಮೇಲೆ ವಾಪಸು ಕೊಡಿ ಎನ್ನುವಂತಿಲ್ಲ. ತಮ್ಮ ಮನೆಯಲ್ಲೇ ಮತ್ತೆ ಮಗುವಾದಾಗ ಮಾತ್ರ ಹೇಳಿ ಕಳುಹಿಸಬಹುದು. ಹೀಗೆ ತೊಟ್ಟಿಲು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ಕನ್ನಡದ ಮನೆಯಿಂದ ತೆಲುಗಿನ ಮನೆಗೆ ತಿರುಗುತ್ತಾ ಹೋಗಿ, ಕೊನೆಯ ಮಗು ಎದ್ದು ಓಡಾಡಿದ ಮನೆಯ ಸಜ್ಜಾ ಸೇರುತ್ತದೆ. ಅಕ್ಕ ಅದನ್ನು ತಮ್ಮದೆಂದೇ ನಂಬಿ ಮಾರಿದ್ದರು. ಅಜ್ಜಿಯೂ ಅಷ್ಟು ವರ್ಷ ತಮ್ಮದೆಂದೇ ನಂಬಿ ಸುಮ್ಮನಿದ್ದರು.

ಮರುದಿನವೇ ಅಕ್ಕನ ಜೊತೆ ಭದ್ರಾವತಿಯ ಓಲ್ಡ್ ಟೌನಿಗೆ ಹೋದೆ. ಹೊಸ ತೊಟ್ಟಿಲೊಂದನ್ನು ಕೊಡಿಸಿ ಕ್ಷಮೆ ಕೇಳಿ ಬರುವುದು ನನ್ನ ಉದ್ದೇಶವಾಗಿತ್ತು. ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಕುಳಿತು ಬತ್ತಿ ಹೊಸೆಯುತ್ತಿದ್ದರು.

“ನೀನೇನಾ ನನ್ನ ತೊಟ್ಟಿಲು ಕೊಂಡ್ಕೊಂಡವಳು?”

“ಹೌದಜ್ಜಿ.”

“ಮಾರ್ದವಳೂ ಬಂದಿದಾಳೆ, ಕೊಂಡವಳೂ ಬಂದಿದಾಳೆ. ತೊಟ್ಟಿಲೊಂದೇ ಬಂದಿಲ್ಲ. ಇರ್ಲಿ, ಮೊದಲು ಮಗು ನೋಡು ಬಾ.”

ಮೊಮ್ಮಗಳ ಗಂಡುಮಗು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು, ಆಗಷ್ಟೇ ಮನೆಗೆ ಬಂದಿತ್ತು. ಅದರ ಹಿಮ್ಮಡಿ ನನ್ನ ಹೆಬ್ಬೆರಳಿನ ತುದಿಯಷ್ಟಿತ್ತು. ಬರುವ ಶುಕ್ರವಾರ ನಾಮಕರಣ ಇಟ್ಟುಕೊಂಡಿದ್ದರು. ಅಜ್ಜಿಯ ಮೊದಲೆರಡು ಮಕ್ಕಳು ಹಾಸಿಗೆಯಲ್ಲೇ ಹೋಗಿದ್ದವಂತೆ. ಮೂರನೆಯದಕ್ಕೆಂದು ಯಜಮಾನರು ಈ ತೊಟ್ಟಿಲು ಮಾಡಿಸಿದ್ದರು. ಆಮೇಲೆ ಅದರಲ್ಲಿ ಮಲಗಿದ ಒಂದು ಮಗುವೂ ಹೋಗಲಿಲ್ಲ. ಇದನ್ನೆಲ್ಲ ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸದೆಯೇ ಹೇಳಿದರು.

ಮೊಮ್ಮಗಳು ನಮ್ಮ ಮುಖ ನೋಡಿ ಮರುಕದಿಂದ, “ಅಜ್ಜಿ, ಆನ್‌ಲೈನಲ್ಲಿ ಒಳ್ಳೊಳ್ಳೇದು ಇದಾವೆ. ಎರಡು ದಿನದಲ್ಲಿ ಬರುತ್ತೆ,” ಎಂದಳು.

“ಬರ್ಲಿ. ಅದ್ರಲ್ಲಿ ನೀನು ಮಲ್ಕೋ.”

ಹೊಸ ತೊಟ್ಟಿಲಿನ ಮಾತನ್ನು ನಾನು ಎತ್ತಲೇ ಇಲ್ಲ. ಶುಕ್ರವಾರದೊಳಗೆ ತರುತ್ತೇನೆಂದು ಹೇಳಿ ಎದ್ದೆ. ಆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು. ತೊಟ್ಟಿಲು ಹಣ ಕೊಟ್ಟವರ ಮನೆಯಲ್ಲಿತ್ತು.

ಶಿವಮೊಗ್ಗದಲ್ಲಿ ಇಳಿದು ನೇರವಾಗಿ ನವುಲೆಗೆ ಹೋದೆ. ಮೇಡಂ ಹಾಲ್‌ನಲ್ಲಿ ಕೂರಿಸಿ ಕಾಫಿ ಕೊಟ್ಟರು. ನಾನು ಕಾಫಿ ಕುಡಿಯುತ್ತಾ ಸೂರಿನ ಕೊಕ್ಕೆಗಳನ್ನೂ ಮೂಲೆಗಳನ್ನೂ ನೋಡಿದೆ. ತೊಟ್ಟಿಲು ಕಾಣಲಿಲ್ಲ. ಕೊನೆಗೆ ಕೇಳಿದೆ.

“ತೊಟ್ಟಿಲಾ? ನೀವೀಗ ಲೋಟ ಇಟ್ಟಿದೀರಲ್ಲ, ಅದೇ.”

ಬಗ್ಗಿ ನೋಡಿದೆ. ತೊಟ್ಟಿಲಿಗೆ ನಾಲ್ಕು ಗಿಡ್ಡ ಕಾಲು ಬಡಿದು, ಮೇಲೆ ದಪ್ಪ ಗಾಜು ಹೊದಿಸಿ, ಟೀಪಾಯಿ ಮಾಡಲಾಗಿತ್ತು. ಒಳಗೆ ಕಪ್ಪೆಚಿಪ್ಪು, ಚೆನ್ನೆಮಣೆಯ ಕಾಯಿ ಹರಡಿದ್ದರು. ವಾರ್ನಿಷ್ ಬಿದ್ದು ಗಿಣಿಗಳು ಮಿಂಚುತ್ತಿದ್ದವು. ನಾನು ಲೋಟವನ್ನು ಎತ್ತಿ ಕೈಯಲ್ಲೇ ಹಿಡಿದುಕೊಂಡೆ. ಎಲ್ಲಿಡಬೇಕೆಂದು ತೋಚಲಿಲ್ಲ.

ವಿಷಯವನ್ನು ನಿವೇದಿಸಿಕೊಂಡೆ. ಕೊಟ್ಟ ಹಣ ಹಿಂತಿರುಗಿಸುತ್ತೇನೆ, ಬದಲಿಗೆ ಬೀಟೆ ಮರದ ಒಳ್ಳೆಯ ಪೆಟ್ಟಿಗೆ ತಂದುಕೊಡುತ್ತೇನೆ ಎಂದೂ ಹೇಳಿದೆ. ಅವರ ಮುಖ ಬಿಗಿಯಾಯಿತು.

“ಇದಕ್ಕಾಗಿ ಬಡಗಿ ಹಿಂದೆ ಎಷ್ಟು ಓಡಾಡಿದೀನಿ ಗೊತ್ತಾ ನಿಮಗೆ? ಮನೆಗೆ ಬಂದವರೆಲ್ಲ ಮೊದಲು ಇದನ್ನೇ ನೋಡೋದು. ಮಾರೋವಾಗ ಯಾರದು ಅಂತ ಕೇಳ್ಕೊಂಡು ಮಾರಬೇಕಲ್ವಾ?”

“ಕೇಳಬೇಕಿತ್ತು ಮೇಡಂ.”

ಅವರು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಫ್ಯಾನು ತಿರುಗುತ್ತಿತ್ತು, ಎದ್ದು ಹೋಗುವುದೋ ಕೂರುವುದೋ ಎಂದು ನಾನು ಚಡಪಡಿಸಿದೆ. ಹೊರಗೆ ಬಂದವರು, “ಮಗು ಈಗ ಹಾಲು ಕುಡೀತಿದ್ಯಾ?” ಎಂದು ಕೇಳಿದರು.

“ಕುಡೀತಿದೆ. ಸ್ವಲ್ಪ ಸ್ವಲ್ಪ.”

“ಕೊಡೋದಲ್ಲ ಇದು. ಎರವಲು. ಮಗು ಎದ್ದು ನಿಂತ ಮೇಲೆ ನನ್ನ ಟೀಪಾಯಿ ನನಗೆ ವಾಪಸು ಬರಬೇಕು. ಸರಪಳಿ ಬಾಲ್ಕನೀಲಿ ಹೂವಿನ ಕುಂಡಕ್ಕೆ ಹಾಕಿದೀನಿ, ಬಿಚ್ಕೊಳ್ಳಿ. ಕುಂಡ ಬೀಳಿಸ್ಬೇಡಿ.”

ನನ್ನ ಸಾಮಾನು ಸಾಗಿಸುವ ಲಗೇಜ್ ಆಟೋದವನೇ ಕಾಲುಗಳ ಸ್ಕ್ರೂ ಬಿಚ್ಚಿದ. “ಕಾಲು ಬಂದ್ಮೇಲೆ ತೊಟ್ಟಿಲು ಬಿಡೋದು ಮಕ್ಕಳು. ಇದು ಉಲ್ಟಾ, ತೊಟ್ಟಿಲಿಗೇ ಕಾಲು ಬಂದಿದೆ ನೋಡಿ ಅಕ್ಕ,” ಎಂದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ವಾರ್ನಿಷ್ ವಾಸನೆ ಹೋಗಲೆಂದು ಮಳಿಗೆಯ ಮಾಡಿನ ಮೇಲೆ ಬಿಸಿಲಿಗಿಟ್ಟೆ. ಮೋಡವಾದಾಗಲೆಲ್ಲ ಹತ್ತಿ ನೋಡಿ ಬರುತ್ತಿದ್ದೆ.

ಗುರುವಾರ ಅದನ್ನು ಓಲ್ಡ್ ಟೌನಿಗೆ ಒಯ್ದೆವು. ಅಕ್ಕನೂ ಬಂದಿದ್ದರು. ಅಜ್ಜಿ ಗಿಣಿಗಳನ್ನು ಸವರಿದರು, ಕಂಬಿಗಳನ್ನು ಸವರಿದರು. ತೊಟ್ಟಿಲನ್ನು ಮಗುಚಲು ಹೇಳಿ, ವಾರ್ನಿಷ್ ಮುಟ್ಟದ ತಳವನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿಸಿ ನೋಡಿದರು.

“ಇದು ನಮ್ದಲ್ಲ.”

ಕೆರೆದ ಜಾಗವನ್ನು ನಮಗೆಲ್ಲ ಬೆರಳಿನಿಂದ ತೋರಿಸಿದರು.

“ನಮ್ಮದು ಹಲಸು. ಕೆರೆದ್ರೆ ಅರಿಶಿನದ ಹಾಗೆ ಇರಬೇಕು. ಇದು ಸಾಗುವಾನಿ.”

ಅದು ಸಾಗುವಾನಿ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅಜ್ಜಿಯದು ಯಾವ ಮರವೆಂದು ಕೇಳುವುದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ಗೋಡೆಗೆ ಒರಗಿ ಕುಳಿತುಬಿಟ್ಟರು. ಕುಳಿತಲ್ಲೇ ಒಂದೊಂದಾಗಿ ನೆನಪು ಮಾಡಿಕೊಂಡರು: ತಮ್ಮ ಮಗ ಎದ್ದ ಮೇಲೆ ತೊಟ್ಟಿಲನ್ನು ಹಿಂದಿನ ಸಾಲಿನ ತೆಲುಗಿನವರು ಒಯ್ದಿದ್ದರು. ಆ ಸಾಲಿನಲ್ಲಿ ಆಗ ಇನ್ನೊಂದು ಮನೆಯಲ್ಲೂ ಬಾಣಂತಿ ಇದ್ದಳು, ಅಲ್ಲಿಗೂ ಎಲ್ಲಿಂದಲೋ ತೊಟ್ಟಿಲು ಬಂದಿತ್ತು. ಅದಕ್ಕೂ ಗಿಣಿಗಳಿದ್ದವು. ಅಕ್ಕನಿಗೆ ಮಗಳು ಹುಟ್ಟಿದಾಗ ಹೇಳಿ ಕಳುಹಿಸಿದರೆ, ಹಿಂದಿನ ಸಾಲಿನಿಂದ ಒಂದು ತೊಟ್ಟಿಲು ಬಂತು. ಯಾವುದೆಂದು ಯಾರು ನೋಡಿದರು? ಆ ತೆಲುಗಿನ ಕುಟುಂಬ ಊರು ಬಿಟ್ಟು ಆಂಧ್ರದ ಕಡೆಗೆ ಹೋಗಿ ಯಾವ ಕಾಲವಾಯಿತೋ.

ಅಜ್ಜಿ ಅಕ್ಕನನ್ನು ನೋಡುತ್ತಾ ಕೇಳಿದರು, “ಇದ್ರಲ್ಲಿ ಯಾರ್ಯಾರು ಮಲಗಿದ್ರು?”

“ನನ್ ಮಗಳು.”

“ಇದಾಳಾ?”

“ಇದಾಳಮ್ಮಾ. ಟೀಚರಾಗಿದಾಳೆ.”

“ಆಮೇಲೆ?”

“ನಮ್ ಪಕ್ಕದ ಮನೆ ಅವಳಿ ಜವಳಿ. ಒಂದು ಇದ್ರಲ್ಲಿ, ಒಂದು ಸೀರೆ ಜೋಲಿಯಲ್ಲಿ.”

“ತೊಟ್ಟಿಲಲ್ಲಿ ಮಲಗಿದ್ದು ಹೇಗಿದೆ?”

“ಎರಡೂ ಚೆನ್ನಾಗಿವೆ. ತೊಟ್ಟಿಲಲ್ಲಿ ಮಲಗಿದ್ದು ಪೊಲೀಸಲ್ಲಿದೆ, ಜೋಲಿಯದ್ದು ಹೋಟ್ಲು ಇಟ್ಟಿದೆ.”

“ಆಮೇಲೆ?”

ಹೀಗೆ ಅಜ್ಜಿ ಕೇಳುತ್ತಾ ಹೋದರು, ಅಕ್ಕ ಹೇಳುತ್ತಾ ಹೋದರು. ಕೊನೆಯ ಮನೆಯವರು ಕ್ವಾರ್ಟರ್ಸ್ ಬಿಡುವಾಗ ತೊಟ್ಟಿಲನ್ನು ಮತ್ತೆ ಅಕ್ಕನ ಸಜ್ಜಾಕ್ಕೇ ಹಾಕಿ ಹೋಗಿದ್ದರಂತೆ. ಒಂದು ಮಗುವಿನ ವಿಷಯ ಅಕ್ಕನಿಗೆ ತಿಳಿದಿರಲಿಲ್ಲ. ಆಗಲೇ ಫೋನು ಮಾಡಿ ವಿಚಾರಿಸುವಂತೆ ಅಜ್ಜಿ ಆದೇಶಿಸಿದರು. ಅಕ್ಕ ಯಾರಿಗೋ ತಮಿಳಿನಲ್ಲಿ ಫೋನು ಮಾಡಿದರು. ಆ ಕಡೆಯವರು ಇನ್ನೊಬ್ಬರಿಗೆ ಕೇಳಿ ತಿಳಿಸುತ್ತೇವೆಂದರು. ಆ ಉತ್ತರ ಬರುವವರೆಗೆ ನಾನು ಜಗಲಿಗೂ ನಡುಮನೆಗೂ ಎಷ್ಟು ಸಲ ಓಡಾಡಿದೆನೋ ತಿಳಿಯದು. ಮೊಮ್ಮಗಳು ಮಗುವನ್ನು ಎದೆಗವಚಿಕೊಂಡು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಫೋನು ಬಂತು. ಆ ಹುಡುಗಿಗೆ ಈಗ ಮದುವೆಯಾಗಿದೆ, ಈರೋಡಿನಲ್ಲಿದ್ದಾಳೆ, ದಪ್ಪಗಾಗಿದ್ದಾಳೆ ಎಂದು ತಿಳಿದುಬಂತು.

“ಹಾಗಾದ್ರೆ ಇರ್ಲಿ. ತೊಳೆದು ಕಟ್ಟಿ,” ಎಂದರು ಅಜ್ಜಿ.

ಶುಕ್ರವಾರ ನಾಮಕರಣವಾಯಿತು. ಮಗು ಕಲ್ಲಿನಂತೆ ಗಟ್ಟಿಯಾಗಲೆಂದು, ಶಾಸ್ತ್ರದಂತೆ ಮೊದಲು ಒರಳಿನ ಗುಂಡನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಆಮೇಲೆ ಮಗುವನ್ನು ಮಲಗಿಸಿದರು. ಅಜ್ಜಿ ಸರಪಳಿ ಹಿಡಿದು ನಿಂತವರು ಊಟಕ್ಕೆ ಕರೆದರೂ ಬಿಡಲಿಲ್ಲ. ನನಗೂ ಹೋಳಿಗೆ ಬಡಿಸಿದ್ದರು. ಮಗುವಿನ ಉಸಿರಾಟ ಕಾಣುವ ಕಡೆಯೇ ನಾನೂ ಎಲೆ ಹಾಕಿಸಿಕೊಂಡಿದ್ದೆ.

ತದನಂತರದ ತಿಂಗಳುಗಳಲ್ಲಿ ನವುಲೆಯಿಂದ ಫೋನು ಬರತೊಡಗಿತು. “ನನ್ನ ಗಾಜು ಗೋಡೆಗೆ ಒರಗಿಸಿಟ್ಟಿದೀನಿ. ಬಂದವರಿಗೆ ಕಾಫಿ ಕೊಡೋಕೆ ಸ್ಟೂಲ್ ಎಳೀಬೇಕು. ಮಗು ಎದ್ದಿಲ್ವಾ ಇನ್ನೂ?” ನಾನು ಓಲ್ಡ್ ಟೌನಿಗೆ ಫೋನು ಮಾಡಿದರೆ ಅಜ್ಜಿ, “ಅದು ಎದ್ದು ನಿಲ್ಲೋವರೆಗೂ ಕೊಡಲ್ಲ ಅಂತ ಹೇಳು,” ಎನ್ನುತ್ತಿದ್ದರು. ಒಂದು ಕಡೆ ಮಗು ಬೇಗ ಎದ್ದು ನಿಲ್ಲಲಿ ಎಂದು ಬೇಡಿಕೊಳ್ಳುವುದು, ಇನ್ನೊಂದು ಕಡೆ ಹಾಗೆ ಅವಸರಪಟ್ಟದ್ದರಿಂದಲೇ ಏನಾದರೂ ಆದೀತೇ ಎಂದು ಹೆದರುವುದು. ನನ್ನ ದಿನಗಳು ಹೀಗೆ ಕಳೆದವು. ಮಗುವಿಗೆ ನೆಗಡಿಯಾದ ವಾರ ನಾನು ಗಿರಾಕಿಯೊಬ್ಬರಿಗೆ ಕೀಲಿಯನ್ನೇ ಕೊಡದೆ ಗಡಿಯಾರ ಮಾರಿ ಕಳುಹಿಸಿದೆ.

ಕೊನೆಗೊಂದು ಬೆಳಿಗ್ಗೆ ಅಜ್ಜಿಯೇ ಫೋನು ಮಾಡಿದರು. “ಕಂಬಿ ಹಿಡ್ಕೊಂಡು ಎದ್ದು ನಿಂತುಬಿಟ್ಟಿದೆ ಮಾರಾಯ್ತಿ. ಬೀಳುತ್ತೆ ಈಗ. ಬಂದು ತಗೊಂಡು ಹೋಗು, ಇವತ್ತೇ.”

ಹೋದೆ. ಬರಿದು ತೊಟ್ಟಿಲು ಮನೆ ದಾಟಬಾರದೆಂದು ಅಜ್ಜಿ ಅದರಲ್ಲಿ ಒಂದು ಸೇರು ಅಕ್ಕಿ, ತೆಂಗಿನಕಾಯಿ, ಬೆಲ್ಲದ ಅಚ್ಚು ಇಟ್ಟರು. ಮಗು ಅವರ ಸೊಂಟದ ಮೇಲಿಂದ ಬಗ್ಗಿ ಗಿಣಿಯನ್ನು ಕಿತ್ತುಕೊಳ್ಳಲು ನೋಡಿತು. ಅದರ ಹಿಮ್ಮಡಿ ಅಜ್ಜಿಯ ಪಕ್ಕೆಗೆ ಧಪಧಪನೆ ಬಡಿಯುತ್ತಿತ್ತು.

ಆಟೋ ಹತ್ತುವಾಗ ಅಜ್ಜಿ ಹತ್ತಿರ ಬಂದು, “ಚಿಕ್ಕ ಮೊಮ್ಮಗಳಿಗೂ ಮದುವೆ ಗೊತ್ತಾಗಿದೆ. ನನ್ನದು ಹುಡುಕಿಡು. ಹಲಸು. ಮರೀಬೇಡ,” ಎಂದರು.

ನವುಲೆಯ ಮೇಡಂ ಅಕ್ಕಿಯನ್ನು ನೋಡಿ ಏನು ಮಾಡಬೇಕೆಂದು ಕೇಳಿದರು. ಪಾಯಸ ಮಾಡಿ ಎಂದೆ. ಗಾಜು ಆಮೇಲೆ ಹಾಕಿಸುತ್ತೇನೆಂದರು. ಹಾಕಿಸಿದರೋ ಇಲ್ಲವೋ ನಾನು ಹೋಗಿ ನೋಡಿಲ್ಲ.

ಈಗ ಯಾವ ಮನೆಗೆ ಪಾತ್ರೆ ನೋಡಲು ಹೋದರೂ ನನ್ನ ಕಣ್ಣು ಮೊದಲು ಸಜ್ಜಾಕ್ಕೆ ಹೋಗುತ್ತದೆ. ತೊಟ್ಟಿಲು ಕಂಡರೆ ಮಗುಚಿ ತಳವನ್ನು ಕೆರೆದು ನೋಡುತ್ತೇನೆ, ಮನೆಯವರು ಗಾಬರಿಯಾಗುತ್ತಾರೆ. ಅರಿಶಿನದ ಬಣ್ಣ ಇದುವರೆಗೆ ಕಂಡುಬಂದಿಲ್ಲ. ಚಿಕ್ಕ ಮೊಮ್ಮಗಳ ಮದುವೆ ಕಳೆದ ತಿಂಗಳು ಮುಗಿದಿದೆ.

ಮೇಲ್ಕಂಡ ಬರಹವನ್ನು ಕಳುಹಿಸುವ ಮುನ್ನ ಹಲವು ಬಾರಿ ಓದಿದ್ದೇನೆ. ಪ್ರತಿ ಸಲವೂ ಹೊಸ ತಪ್ಪು ಸಿಕ್ಕಿದ್ದರಿಂದ, ಇನ್ನೂ ಉಳಿದಿರುವುದು ಖಚಿತ. ಬಿಟ್ಟುಹೋದ ಒತ್ತಕ್ಷರ, ಜಾರಿದ ದೀರ್ಘ, ಸರಿಯಿಲ್ಲದ ವಾಕ್ಯ ಯಾವುದೇ ತಮ್ಮ ಕಣ್ಣಿಗೆ ಬಿದ್ದಲ್ಲಿ, ಪೆನ್ನು ಹಿಡಿದು ಅಲ್ಲಿಯೇ ತಿದ್ದಿಕೊಳ್ಳಬೇಕಾಗಿ ವಿನಯಪೂರ್ವಕ ವಿನಂತಿ.