ಶೋರ್‌ಲೈನ್‌ನಲ್ಲಿ ಸಿಕ್ಕ ಅಸಲಿ ಥಾಯ್ ರುಚಿ

ಗೆಳೆಯರೇ, ಡೌನ್‌ಟೌನ್‌ನಲ್ಲಿ ಸಿಗುವುದೆಲ್ಲ ಟೂರಿಸ್ಟ್‌ಗಳಿಗಾಗಿ ಮಾಡಿದ ಸಕ್ಕರೆ ಪಾಕ ಎಂದು ಗಂಡ ರಘು ಇಂದು ಮಧ್ಯಾಹ್ನ ನನ್ನನ್ನು ಊರಾಚೆಯ ಶೋರ್‌ಲೈನ್‌ಗೆ ಎಳೆದೊಯ್ದ. ಅಲ್ಲಿ ಟೈರ್ ಅಂಗಡಿಯ ಹಿಂದೆ ಒಂದು ಥಾಯ್ ಗಾಡಿ. ಮೆನುವಿನಲ್ಲಿ ಒಂದಕ್ಷರ ಇಂಗ್ಲಿಷ್ ಇಲ್ಲವೆಂದು ಇವನಿಗೆ ಹಿಗ್ಗೋ ಹಿಗ್ಗು.

ಗಾಡಿಯ ಅಜ್ಜಿ ಒರಳಿನಲ್ಲಿ ಪರಂಗಿಕಾಯಿ ಸಲಾಡ್ ಕುಟ್ಟುತ್ತಿದ್ದಳು.

"ಆಂಟಿ, ಫುಲ್ ಅಥೆಂಟಿಕ್ ಪ್ಲೀಸ್! ಓನ್ಲಿ, ನೋ ಫಿಶ್ ಸಾಸ್" ಎಂದ ರಘು.

ಅಜ್ಜಿ ಕೈಲಿದ್ದ ಬಾಟಲಿ ಕೆಳಗಿಟ್ಟಳು.

"ನೋ ಶ್ರಿಂಪ್." ಒಣ ಸೀಗಡಿಯ ಡಬ್ಬಿಯೂ ಮುಚ್ಚಿತು.

"ಟುಡೇ ಸ್ಯಾಟರ್ಡೇ. ಸೋ, ನೋ ಗಾರ್ಲಿಕ್. ಆ್ಯಂಡ್ ವಾಷ್ ದಿಸ್, ಪ್ಲೀಸ್" ಎಂದು ಒರಳು ತೋರಿಸಿದ.

ಅಜ್ಜಿ ನನ್ನ ಮುಖ ನೋಡಿದಳು. ನಾನು ಟೈರ್ ಅಂಗಡಿಯ ಬೋರ್ಡ್ ಓದತೊಡಗಿದೆ.

ಪಾಪ, ಒರಳು ತೊಳೆದು, ಉಳಿದಿದ್ದ ಪರಂಗಿಕಾಯಿ, ಹಸಿಮೆಣಸು, ನಿಂಬೆರಸ, ಉಪ್ಪು, ಕಡಲೆಬೀಜ ಹಾಕಿ ಕುಟ್ಟಿಕೊಟ್ಟಳು. ರಘು ಒಂದು ತುತ್ತು ತಿಂದು ಕಣ್ಣು ಮುಚ್ಚಿದ. "ಇದು ಕಣೇ, ಬ್ಯಾಂಕಾಕ್ ಬೀದಿಯ ಟೇಸ್ಟ್!"

ನಾನೂ ತಿಂದೆ. ರಾಮನವಮಿಗೆ ನಮ್ಮತ್ತೆ ಮಾಡುವ ಕೋಸಂಬರಿ! ಹೆಸರುಬೇಳೆಯೊಂದು ಇರಲಿಲ್ಲ, ಅಷ್ಟೇ.

"ಅಲ್ವೋ, ನಿಮ್ಮಮ್ಮ ಬ್ಯಾಂಕಾಕಿಗೆ ಯಾವಾಗ ಹೋಗಿದ್ರು?" ಎಂದೆ.

ರಘು ಅಜ್ಜಿಯ ಕಡೆ ತಿರುಗಿ ಇನ್ನೊಂದು ಪ್ಲೇಟ್ ಹೇಳಿದ.